ಮಕ್ಕಳಿಗೆ ಹೇಳಬೇಕಾದ ಲೆಕ್ಕದ ಕಥೆಗಳು

ಮುದ್ದೇನಹಳ್ಳಿಯ ಮಕ್ಕಳಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಕಥೆಯನ್ನು ಯಾರೂ ಕರೆದು ಕೂರಿಸಿ ಹೇಳಬೇಕಾದುದಿಲ್ಲ. ಆ ಮಹನೀಯರು ಹುಟ್ಟಿದ ಮನೆ ಈ ಊರಿನಲ್ಲಿದೆ. ಅವರ ಸಮಾಧಿಯೂ ಇಲ್ಲಿಯೇ ಇದೆ. ವರ್ಷಂಪ್ರತಿ ಸೆಪ್ಟೆಂಬರ್ 15ರಂದು ಹೂವಿನ ಹಾರಗಳೊಡನೆ ದೊಡ್ಡವರು ಬಂದು ಹೋಗುತ್ತಾರೆ. ನಡುನಿದ್ರೆಯಲ್ಲಿ ಎಬ್ಬಿಸಿ ಕೇಳಿದರೂ ಇಲ್ಲಿಯ ಬಾಲಕನು ಕನ್ನಂಬಾಡಿ, ಭದ್ರಾವತಿ, ಮೈಸೂರು ಬ್ಯಾಂಕು ಎಂದು ಒಪ್ಪಿಸಿಬಿಡುವನು. ಇದು ಸಂತೋಷದ ವಿಷಯವೇ ಸರಿ. ಆದರೆ ಆ ಬಾಲಕನ ಪಕ್ಕದಲ್ಲಿ ಕುಳಿತು ಅದೇ ಕಥೆಯನ್ನು ಕೇಳಿದ ಬಾಲಿಕೆಯು, “ಹೀಗೆ ಉದ್ಯಮ ಕಟ್ಟಿದ ಹೆಂಗಸರು ಯಾರೂ ಇರಲಿಲ್ಲವೆ?” ಎಂದು ಪ್ರಶ್ನಿಸಿದರೆ, ಮನೆಯ ಹಿರಿಯರಲ್ಲಿ ಎಷ್ಟು ಮಂದಿ ತಡವರಿಸದೆ ಉತ್ತರ ಹೇಳಬಲ್ಲರು?

ನಮ್ಮಲ್ಲಿ ಸ್ತ್ರೀಯರ ಕಥೆಗಳಿಗೆ ಬರವಿಲ್ಲ. ಸಾವಿತ್ರಿಯ ಕಥೆಯುಂಟು, ದಮಯಂತಿಯ ಕಥೆಯುಂಟು. ಶೌರ್ಯಕ್ಕೆ ಕಿತ್ತೂರಿನ ಚೆನ್ನಮ್ಮನೂ ಚಿತ್ರದುರ್ಗದ ಓಬವ್ವೆಯೂ ಉಂಟು. ಅವು ಇರತಕ್ಕವೇ. ಆದರೆ ಕೈಯಲ್ಲಿದ್ದ ಅಲ್ಪ ಮೂಲಧನವನ್ನು ಹೂಡಿ, ಸರಕು ಕೊಂಡು, ಮಾಲು ತಯಾರಿಸಿ, ಗಿರಾಕಿಯನ್ನು ಹುಡುಕಿ, ಲಾಭ ಬಂದಾಗ ಹಿಗ್ಗದೆ ನಷ್ಟ ಬಂದಾಗ ಬಾಗಿಲು ಹಾಕದೆ ವ್ಯವಹಾರ ನಡೆಸಿದ ಹೆಂಗಸಿನ ಕಥೆಯನ್ನು ಕೇಳಿದರೆ ನಮ್ಮ ಕಥೆಯ ಚೀಲ ಬರಿದು. ಅಂಥವರು ಇಲ್ಲದ್ದರಿಂದ ಬರಿದಾದುದಲ್ಲ. ಲೆಕ್ಕದ ಪುಸ್ತಕದಲ್ಲಿ ಕಥೆ ಏನಿದ್ದೀತು ಎಂದು ನಾವು ಅದನ್ನು ಬಿಚ್ಚದೆ ಇದ್ದುದರಿಂದ ಬರಿದಾಯಿತು.

ಅಂಕಗಣಿತದ ಪುಸ್ತಕಗಳನ್ನೇ ನೋಡಿರಿ. ಮೂವತ್ತು ವರ್ಷಗಳಿಗೂ ಮಿಕ್ಕು ನಾನು ಪಾಠ ಹೇಳಿದ ಪುಸ್ತಕಗಳಲ್ಲಿ “ಒಬ್ಬ ವರ್ತಕನು” ಎಂದೇ ಲೆಕ್ಕವು ಆರಂಭವಾಗುತ್ತಿತ್ತು. ಸಾಲ ಕೊಡುವವನು ಅವನು, ಪಾಲುಗಾರರಾದ ಮೂವರೂ ಗಂಡಸರು. ಹೆಂಗಸು ಆ ಪುಟಗಳಿಗೆ ಬಂದರೆ ತರಕಾರಿ ಕೊಳ್ಳುವುದಕ್ಕೆ ಬಂದಾಳು. ಇಲ್ಲವೆ ಹತ್ತು ದಿನಗಳಲ್ಲಿ ಮಾಡುವ ಕೆಲಸವನ್ನು ಎಂಟು ದಿನಗಳಲ್ಲಿ ಮಾಡುವ ಕೂಲಿಯವಳಾಗಿ ಬಂದಾಳು. ಇದಕ್ಕೆ ಎದುರಾಗಿ ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಲೀಲಾವತಿಯನ್ನು ತೆರೆಯಿರಿ. ಬಡ್ಡಿಯ ಲೆಕ್ಕ, ಪಾಲುಬಂಡವಾಳದ ಲೆಕ್ಕ, ಸರಕಿಗೆ ಸರಕು ಕೊಡುವ ವಿನಿಮಯದ ಲೆಕ್ಕ ಎಲ್ಲವೂ ಅಲ್ಲಿವೆ; ಅವುಗಳಲ್ಲಿ ಎಷ್ಟೋ ಪ್ರಶ್ನೆಗಳನ್ನು ಆಚಾರ್ಯನು ಒಬ್ಬ ಬಾಲೆಯನ್ನು ಸಂಬೋಧಿಸಿ ಕೇಳುತ್ತಾನೆ. ಆಕೆ ಅವನ ಮಗಳೆಂಬುದು ಐತಿಹ್ಯ. ಅದು ಹೇಗೇ ಇರಲಿ, ವ್ಯವಹಾರಗಣಿತವನ್ನು ಹುಡುಗಿಗೆ ಹೇಳಿಕೊಡುವುದು ಅವನಿಗೆ ವಿಚಿತ್ರವಾಗಿ ಕಾಣಲಿಲ್ಲವೆಂಬುದಂತೂ ಗ್ರಂಥದಿಂದಲೇ ಸ್ಪಷ್ಟ.

“ಹೆಣ್ಣುಮಕ್ಕಳಿಗೆ ವ್ಯಾಪಾರಬುದ್ಧಿ ಬಂದರೆ ಸಂಸಾರ ಕೆಟ್ಟೀತು” ಎನ್ನುವ ವೃದ್ಧರು ಇನ್ನೂ ಇದ್ದಾರೆ. ಅವರು ಶಾಸ್ತ್ರದ ಹೆಸರನ್ನು ಹೇಳುವುದರಿಂದ ಶಾಸ್ತ್ರದಿಂದಲೇ ಉತ್ತರ ಕೊಡಬೇಕಾಗಿದೆ. ಹಣದ ಸಂಗ್ರಹದಲ್ಲಿಯೂ ವ್ಯಯದಲ್ಲಿಯೂ ಗೃಹಿಣಿಯನ್ನೇ ನಿಯೋಜಿಸಬೇಕೆಂದು ಹೇಳಿದವನು ಮನುವು. ಅವನನ್ನು ಸ್ತ್ರೀಸ್ವಾತಂತ್ರ್ಯದ ಪಕ್ಷಪಾತಿಯೆಂದು ಯಾರೂ ದೂರಲಾರರು. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ತೋರಿಸಿಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೂಲಿನ ಅಧ್ಯಕ್ಷನಿಗೆ ಒಂದು ಪ್ರಕರಣವೇ ಮೀಸಲಾಗಿದೆ. ವಿಧವೆಯರು, ಅಂಗವಿಕಲೆಯರು, ಗಂಡನು ದೇಶಾಂತರ ಹೋಗಿರುವವರು ಇವರಿಗೆ ನೂಲುವ ಕೆಲಸ ಕೊಡಬೇಕು. ಮನೆಯಿಂದ ಹೊರಗೆ ಬಾರದವರಿಗೆ ದಾಸಿಯರ ಮೂಲಕ ಕೆಲಸವನ್ನು ಮನೆಗೇ ಕಳುಹಿಸಬೇಕು. ತಾವಾಗಿ ನೂಲಿನ ಶಾಲೆಗೆ ಬರುವವರಿಂದ ಬೆಳಗಿನ ಜಾವದಲ್ಲಿ ನೂಲು ತೆಗೆದುಕೊಂಡು ವೇತನ ಕೊಡಬೇಕು. ಅಲ್ಲಿ ನೂಲನ್ನು ಪರೀಕ್ಷಿಸುವುದಕ್ಕೆ ಸಾಕಾಗುವಷ್ಟೇ ದೀಪವಿರಬೇಕು. ಹೆಂಗಸಿನ ಮುಖವನ್ನು ದಿಟ್ಟಿಸಿದ ಅಥವಾ ಕೆಲಸಕ್ಕೆ ಸಂಬಂಧಿಸದ ಮಾತನ್ನಾಡಿದ ಅಧಿಕಾರಿಗೆ ಮೊದಲನೆಯ ದರ್ಜೆಯ ದಂಡ. ವೇತನವನ್ನು ಕಾಲಕ್ಕೆ ಸರಿಯಾಗಿ ಕೊಡದವನಿಗೆ ಅದಕ್ಕಿಂತ ಹೆಚ್ಚಿನ ಮಧ್ಯಮ ದಂಡ! ಕೌಟಿಲ್ಯನ ಈ ತಾರತಮ್ಯವನ್ನು ಓದಿದಾಗಲೆಲ್ಲ ನನಗೆ ಮೆಚ್ಚಿಕೆಯುಂಟಾಗುತ್ತದೆ.

ಇತಿಹಾಸಕ್ಕೆ ಬಂದರೆ, ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು “ಕಾಳುಮೆಣಸಿನ ರಾಣಿ” ಎಂದು ಕರೆದರು. ಸಮುದ್ರದಾಚೆಯ ವರ್ತಕರು ಆಕೆಯನ್ನು ಗುರುತಿಸಿದ್ದು ಕಿರೀಟದಿಂದಲ್ಲ, ಸರಕಿನಿಂದ. ಆದರೆ ರಾಣಿಯರ ಕಥೆಯಲ್ಲಿ ಮಕ್ಕಳು ರಾಣಿಯನ್ನೇ ಕಾಣುವರು. ನಮ್ಮ ಕಾರ್ಯಕ್ಕೆ ಸಾಮಾನ್ಯ ಮನೆಗಳಿಂದ ಬಂದವರೇ ಬೇಕು.

ಅವರಲ್ಲಿ ಮೊದಲನೆಯದಾಗಿ ನಂಜನಗೂಡಿನ ತಿರುಮಲಾಂಬಾ ಅವರ ಕಥೆಯನ್ನು ನಾನು ಹೇಳುವೆನು. 1887ರಲ್ಲಿ ನಂಜನಗೂಡಿನಲ್ಲಿ ಜನನ, ತಂದೆ ವಕೀಲರು. ಹತ್ತನೆಯ ವಯಸ್ಸಿನಲ್ಲಿ ವಿವಾಹ, ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ. ಆ ಕಾಲದಲ್ಲಿ ಅಂಥ ಬಾಲೆಗೆ ಉಳಿಯುತ್ತಿದ್ದುದು ಅಡಿಗೆಮನೆ ಮತ್ತು ವ್ರತನಿಯಮ. ಆದರೆ ಆ ತಂದೆಯು ಮಗಳ ಕೈಗೆ ಪುಸ್ತಕಗಳನ್ನು ಕೊಟ್ಟರು. ಓದು ಬರವಣಿಗೆಗೆ ತಿರುಗಿತು. ಬರೆದುದನ್ನು ಅಚ್ಚು ಹಾಕಿಸುವವರಾರೆಂದು ಕಾಯುತ್ತ ಕೂರದೆ, 1913ರಲ್ಲಿ, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ, “ಸತೀಹಿತೈಷಿಣೀ” ಎಂಬ ಗ್ರಂಥಮಾಲೆಯನ್ನು ಆಕೆ ತಾವೇ ಸ್ಥಾಪಿಸಿದರು. “ಸುಶೀಲೆ” ಎಂಬ ಅವರ ಕಾದಂಬರಿ ಹೊರಬಂದುದು ಆಗಲೇ. ಮುಂದೆ “ಕರ್ನಾಟಕ ನಂದಿನಿ” ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿ ಅದರ ಸಂಪಾದಕಿಯಾದರು. ಹೊಸಗನ್ನಡದ ಮೊದಲ ಲೇಖಕಿ ಎಂದು ಮಾತ್ರವಲ್ಲದೆ ಮೊದಲ ಪ್ರಕಾಶಕಿ, ಮೊದಲ ಪತ್ರಿಕೋದ್ಯಮಿ ಎಂದೂ ಸಾಹಿತ್ಯಚರಿತ್ರಕಾರರು ಅವರನ್ನು ಎಣಿಸುತ್ತಾರೆ.

ಇಲ್ಲಿ ಕಥೆ ಹೇಳುವವರು ಒಂದು ಕ್ಷಣ ನಿಲ್ಲಬೇಕು. ಅದೇ 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಅದೇ ಮೈಸೂರು ಸಂಸ್ಥಾನದಲ್ಲಿ ಮೈಸೂರು ಬ್ಯಾಂಕು ಸ್ಥಾಪಿತವಾಯಿತು. ಆ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗುವವರೆಗೆ ನೂರಕ್ಕೂ ಹೆಚ್ಚು ವರ್ಷ ಬಾಳಿತು. ಅದರ ಹಿಂದೆ ರಾಜ್ಯವೇ ಇತ್ತು. ಗ್ರಂಥಮಾಲೆಯ ಹಿಂದೆ ಇದ್ದವಳು ಒಬ್ಬ ವಿಧವೆ. ಮಕ್ಕಳಿಗೆ ಈ ಎರಡನ್ನೂ ಒಟ್ಟಿಗೆ ಹೇಳಿರಿ. ಪುಸ್ತಕ ಪ್ರಕಟಿಸುವುದೆಂದರೇನು ಎಂಬುದನ್ನೂ ಬಿಡಿಸಿ ಹೇಳಿರಿ: ಕಾಗದಕ್ಕೆ ಮುಂಗಡ, ಮೊಳೆ ಜೋಡಿಸುವವನಿಗೆ ಕೂಲಿ, ಕರಡು ತಿದ್ದುವ ಶ್ರಮ, ರಟ್ಟು ಕಟ್ಟುವವನಿಗೆ ಹಣ, ಅಂಚೆಯ ವೆಚ್ಚ. ಇವೆಲ್ಲವೂ ಮೊದಲೇ ಕೈಬಿಡುತ್ತವೆ. ಓದುಗನ ಹಣ ಮಾತ್ರ ಕಡೆಯಲ್ಲಿ, ಅದೂ ಬಿಡಿಬಿಡಿಯಾಗಿ, ಬರುತ್ತದೆ. ಪತ್ರಿಕೆಯಾದರೋ ಈ ಸಂಕಟವನ್ನು ತಿಂಗಳಿಗೊಮ್ಮೆ ಹೊತ್ತು ತರುತ್ತದೆ. ಚಂದಾದಾರನು ತಡಮಾಡಿದರೂ ಅಚ್ಚುಕೂಟದವನು ತಡಮಾಡನು. ಸ್ತ್ರೀಯರ ಸಾಕ್ಷರತೆಯೇ ಅತ್ಯಲ್ಪವಾಗಿದ್ದ ಕಾಲದಲ್ಲಿ ಸ್ತ್ರೀಯರಿಗಾಗಿ ಪುಸ್ತಕ ಅಚ್ಚು ಹಾಕಿಸುವುದೆಂದರೆ ಗಿರಾಕಿಯನ್ನು ಹುಡುಕುವುದಲ್ಲ, ಗಿರಾಕಿಯನ್ನು ಹುಟ್ಟಿಸುವುದು.

ಈ ಕಥೆಯ ಕೊನೆಯು ಸುಖವಾಗಿಲ್ಲ. ಪತ್ರಿಕೆಯು ಕೆಲವು ವರ್ಷ ನಡೆದು ನಿಂತಿತು. ಮುಂದಿನ ತಲೆಮಾರಿನ ವಿಮರ್ಶಕರು ಆಕೆಯ ಬರವಣಿಗೆಯನ್ನು ಹಳೆಯದೆಂದು ಬದಿಗಿರಿಸಿದರು. ಆಕೆ ಮದರಾಸಿನಲ್ಲಿ ಜನರ ನೆನಪಿನಿಂದ ದೂರವಾಗಿ ದಶಕಗಳನ್ನು ಕಳೆದರು. ಚಿ. ನ. ಮಂಗಳಾ ಮೊದಲಾದವರ ಪ್ರಯತ್ನದಿಂದ ಆಕೆಯ ಹೆಸರು ಮತ್ತೆ ಬೆಳಕಿಗೆ ಬಂದಿತು. 1982ರಲ್ಲಿ ತೀರಿಕೊಂಡಾಗ ಆಕೆಗೆ ತೊಂಬತ್ತೈದು ವರ್ಷ. ಈ ಭಾಗವನ್ನು ಮಕ್ಕಳಿಗೆ ಹೇಳಬೇಕೆ, ಮುಚ್ಚಿಡಬೇಕೆ ಎಂದು ತಾಯಂದಿರು ಕೇಳುವುದುಂಟು. ಹೇಳಬೇಕೆಂಬುದೇ ನನ್ನ ಖಂಡಿತವಾದ ಅಭಿಪ್ರಾಯ. ಗೆದ್ದವರ ಕಥೆಗಳನ್ನೇ ಕೇಳಿ ಬೆಳೆದ ಮಗುವು ಮೊದಲನೆಯ ನಷ್ಟದಲ್ಲಿಯೇ ತನಗೆ ಯೋಗ್ಯತೆಯಿಲ್ಲವೆಂದು ತಿಳಿದುಬಿಡುತ್ತದೆ. ನಿಂತುಹೋದ ಪತ್ರಿಕೆಯೂ ನಡೆದಷ್ಟು ಕಾಲ ನಿಜವಾಗಿಯೇ ನಡೆದಿತ್ತು; ಅದನ್ನು ಓದಿದ ಹೆಂಗಸರು ಓದಿದ್ದು ಸುಳ್ಳಾಗಲಿಲ್ಲ. ಎಂಟು ಹತ್ತು ವರ್ಷದ ಮಕ್ಕಳಿಗೆ ಇಷ್ಟು ಅರ್ಥವಾಗುವುದೆ ಎಂದು ಸಂಶಯಪಡಬೇಡಿರಿ. ಅರ್ಥವಾಗುತ್ತದೆ. ಆಟದಲ್ಲಿ ದಿನವೂ ಸೋಲುವವರು ಅವರು.

ಎರಡನೆಯ ಕಥೆ ಹಪ್ಪಳದ್ದು. ಅದು ನಮ್ಮ ನಾಡಿನದಲ್ಲ, ಮುಂಬಯಿಯದು. ಆದರೆ ಹಪ್ಪಳವಿಲ್ಲದ ಮನೆ ನಮ್ಮಲ್ಲಿ ಎಲ್ಲಿದೆ? 1959ರ ಮಾರ್ಚ್ 15ರಂದು ಗಿರಗಾಂವಿನ ಒಂದು ವಠಾರದ ತಾರಸಿಯ ಮೇಲೆ ಏಳು ಮಂದಿ ಗುಜರಾತಿ ಗೃಹಿಣಿಯರು ಹಪ್ಪಳ ಲಟ್ಟಿಸುವುದಕ್ಕೆ ಕುಳಿತರು. ಮೂಲಧನ 80 ರೂಪಾಯಿ, ಅದೂ ಸಾಲ ತಂದದ್ದು. ಮೊದಲನೆಯ ದಿನದ ಉತ್ಪನ್ನ ನಾಲ್ಕು ಪೊಟ್ಟಣ. “ಲಿಜ್ಜತ್” ಎಂಬ ಹೆಸರಿನಿಂದ ದೇಶವೆಲ್ಲ ಬಲ್ಲ ಉದ್ಯಮ ಇದೇ. ಹತ್ತಾರು ಸಾವಿರ ಮಹಿಳೆಯರು ಅದರಲ್ಲಿ ಸೇರಿದರು. ಲಾಭನಷ್ಟಗಳೆರಡರಲ್ಲಿಯೂ ಅವರೆಲ್ಲರೂ ಒಡತಿಯರು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ದೊರೆಯಿತು.

ಆದರೆ ಸಂಖ್ಯೆ ದೊಡ್ಡದಾದುದನ್ನು ಮಕ್ಕಳಿಗೆ ಹೇಳಿ ಪ್ರಯೋಜನವಿಲ್ಲ. ಅವರಿಗೆ ಹೇಳಬೇಕಾದ ಸಂಗತಿಗಳು ಎರಡು. ಮೊದಲ ವರ್ಷ ಮಳೆಗಾಲ ಬಂದಿತು. ಬಿಸಿಲಿಲ್ಲದೆ ಹಪ್ಪಳ ಒಣಗುವುದು ಹೇಗೆ? ನಾಲ್ಕು ತಿಂಗಳು ಕೆಲಸ ನಿಂತಿತು. ಇಲ್ಲಿ ಕಥೆಯನ್ನು ತಡೆದು, “ನೀನಾಗಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳಿರಿ. ಮಕ್ಕಳು ಹತ್ತು ಬಗೆಯ ಉತ್ತರ ಕೊಡುವರು. ಆ ಗೃಹಿಣಿಯರು ಮರುವರ್ಷ ಒಂದು ಮಂಚವನ್ನೂ ಒಂದು ಒಲೆಯನ್ನೂ ಕೊಂಡರು. ಮಂಚದ ಮೇಲೆ ಹಪ್ಪಳ, ಮಂಚದ ಕೆಳಗೆ ಒಲೆ! ಎರಡನೆಯ ಸಂಗತಿ ಇನ್ನೂ ಸೂಕ್ಷ್ಮವಾದುದು. ಮೊದಮೊದಲು ಅವರು ಉತ್ತಮವಾದ ಹಪ್ಪಳವನ್ನೂ ಅಗ್ಗದ ದರಕ್ಕೆ ಮಾರಲು ಕೆಳದರ್ಜೆಯ ಹಪ್ಪಳವನ್ನೂ ಬೇರೆಬೇರೆಯಾಗಿ ಮಾಡುತ್ತಿದ್ದರು. ಅವರಿಗೆ ಮಾರ್ಗದರ್ಶಕರಾದ ಹಿರಿಯರೊಬ್ಬರು ಆ ಪದ್ಧತಿಯನ್ನು ಬಿಡಿಸಿ, ಒಂದೇ ಬಗೆಯ ಒಳ್ಳೆಯ ಹಪ್ಪಳವನ್ನು ಮಾತ್ರ ಮಾಡಿಸಿದರು. ದಾನವನ್ನು ಸ್ವೀಕರಿಸದ ನಿಯಮವೂ ಆ ಸಂಸ್ಥೆಯಲ್ಲಿ ಇತ್ತು. ಬಡ ಹೆಂಗಸರೆಂದು ಕನಿಕರದಿಂದ ಕೊಂಡ ಹಪ್ಪಳವನ್ನು ಜನ ಒಮ್ಮೆ ಕೊಳ್ಳುವರು, ಎರಡನೆಯ ಸಲ ಕೊಳ್ಳರು.

ಮೂರನೆಯ ಕಥೆ ನಮ್ಮ ಬೆಂಗಳೂರಿನದು, ಮತ್ತು ನಮ್ಮ ಹಿತ್ತಿಲಿನದು. ಹಿತ್ತಿಲಿನದೆಂದುದು ಪರಂಗಿಯ ಗಿಡದಿಂದ. ಕಾಯನ್ನು ಗೀರಿದರೆ ಬರುವ ಹಾಲಿನಲ್ಲಿ ಪಪೈನ್ ಎಂಬ ಕಿಣ್ವವಿದೆಯೆಂಬುದು ಈಗ ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು. ಬೆಂಗಳೂರಿನಲ್ಲಿ 1953ರಲ್ಲಿ ಜನಿಸಿದ ಕಿರಣ್ ಮಜುಂದಾರ್ ಅವರು ಪ್ರಾಣಿಶಾಸ್ತ್ರದಲ್ಲಿ ಪದವಿ ಪಡೆದು, ಮದ್ಯ ತಯಾರಿಕೆಯ ಶಾಸ್ತ್ರವನ್ನು ಆಸ್ಟ್ರೇಲಿಯದಲ್ಲಿ ಕಲಿತರು. ಅವರ ತಂದೆಯವರ ಕಸಬು ಅದೇ ಆಗಿತ್ತು. (ಮದ್ಯದ ಮಾತು ಈ ಪತ್ರಿಕೆಯಲ್ಲಿ ಏಕೆಂದು ಹುಬ್ಬು ಗಂಟಿಕ್ಕುವವರು ಸ್ವಲ್ಪ ತಾಳಬೇಕು.) ಆ ತರಗತಿಯಲ್ಲಿದ್ದ ಏಕೈಕ ವಿದ್ಯಾರ್ಥಿನಿ ಆಕೆ. ಕಲಿತು ಊರಿಗೆ ಬಂದರೆ, ಅದು ಗಂಡಸರ ಕೆಲಸವೆಂದು ಯಾರೂ ಆಕೆಗೆ ಆ ಹುದ್ದೆಯನ್ನು ಕೊಡಲಿಲ್ಲ.

ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ಕಿಣ್ವಗಳನ್ನು ತಯಾರಿಸುವ ಒಂದು ಸಂಸ್ಥೆಯಿತ್ತು. ಅದರೊಡನೆ ಪಾಲುಗಾರಿಕೆ ಮಾಡಿಕೊಂಡು 1978ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, 10,000 ರೂಪಾಯಿಯ ಮೂಲಧನದಿಂದ, ಬಾಡಿಗೆ ಮನೆಯ ಮೋಟಾರು ಗ್ಯಾರೇಜಿನಲ್ಲಿ ಅವರು ಬಯೋಕಾನ್ ಎಂಬ ಉದ್ಯಮವನ್ನು ಆರಂಭಿಸಿದರು. ಪರಂಗಿಯಿಂದ ಪಪೈನ್, ಮೀನಿನ ಗಾಳಿಚೀಲದಿಂದ ಪಾನೀಯಗಳನ್ನು ತಿಳಿಗೊಳಿಸುವ ಒಂದು ದ್ರವ್ಯ, ಇವೇ ಮೊದಲ ಸರಕುಗಳು. ಬ್ಯಾಂಕಿನವರು ಸಾಲ ಕೊಡಲು ಹಿಂಜರಿದರು: ವಯಸ್ಸು ಚಿಕ್ಕದು, ಕಸಬು ಕೇಳರಿಯದ್ದು, ಒತ್ತೆಯಿಡಲು ಆಸ್ತಿಯಿಲ್ಲ, ಮೇಲಾಗಿ ಹೆಂಗಸು. ಕೆಲಸಕ್ಕೆ ಜನರೂ ಬರಲೊಲ್ಲರು. ಮೊದಲ ನೌಕರನಾಗಿ ಬಂದವನು ನಿವೃತ್ತನಾದ ಒಬ್ಬ ಮೋಟಾರು ಮೆಕ್ಯಾನಿಕ್. ಆದರೂ ಒಂದು ವರ್ಷದೊಳಗೆ ಅವರ ಕಿಣ್ವಗಳು ಅಮೆರಿಕೆಗೂ ಯೂರೋಪಿಗೂ ರಫ್ತಾದುವು. ಮದ್ಯದ ವಿದ್ಯೆಯಿಂದ ಹೊರಟ ದಾರಿಯು ಕಾಲಕ್ರಮದಲ್ಲಿ ಔಷಧಗಳಿಗೆ, ಮಧುಮೇಹಿಗಳಿಗೆ ಬೇಕಾದ ಇನ್ಸುಲಿನ್ನಿಗೆ, ಬಂದು ಮುಟ್ಟಿತು. ಹುಬ್ಬು ಗಂಟಿಕ್ಕಿದವರು ಈಗ ಸಡಿಲಿಸಬಹುದು. 2004ರಲ್ಲಿ ಸಂಸ್ಥೆಯ ಷೇರುಗಳು ಪೇಟೆಗೆ ಬಂದ ಮೊದಲ ದಿನವೇ ಅದರ ಮೌಲ್ಯ ನೂರು ಕೋಟಿ ಡಾಲರುಗಳನ್ನು ದಾಟಿತು. 1978ಕ್ಕೂ 2004ಕ್ಕೂ ನಡುವೆ ಇಪ್ಪತ್ತಾರು ವರ್ಷಗಳಿವೆಯೆಂಬುದನ್ನು ಮಕ್ಕಳ ಕೈಯಲ್ಲಿಯೇ ಕಳೆದು ನೋಡಿಸಿರಿ. ಪತ್ರಿಕೆಗಳು ಗ್ಯಾರೇಜನ್ನು ತೋರಿಸುತ್ತವೆ, ಕೋಟಿಯನ್ನು ತೋರಿಸುತ್ತವೆ. ನಡುವಿನ ಇಪ್ಪತ್ತಾರನ್ನು ತೋರಿಸುವುದಿಲ್ಲ.

ಇಂಥ ಕಥೆಗಳನ್ನು ಹುಡುಗಿಯರಿಗಷ್ಟೇ ಹೇಳಿದರೆ ಅರ್ಧ ಕೆಲಸ ಉಳಿದುಬಿಡುತ್ತದೆ. ಸಾಲ ಕೊಡಲು ಹಿಂಜರಿದ ಬ್ಯಾಂಕಿನ ಅಧಿಕಾರಿಯೂ ಒಂದು ಕಾಲದಲ್ಲಿ ಯಾವುದೋ ಮನೆಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಮಲಗಿ ಕಥೆ ಕೇಳಿದ ಹುಡುಗನೇ. ನಂಜನಗೂಡಿನ ಆ ವಕೀಲರು ಮಗಳಿಗೆ ಪುಸ್ತಕ ಕೊಡದಿದ್ದಿದ್ದರೆ ಗ್ರಂಥಮಾಲೆ ಹುಟ್ಟುತ್ತಿರಲಿಲ್ಲ. ಮುಂದೆ ತಂದೆಯೂ ಅಣ್ಣನೂ ಗಂಡನೂ ಆಗತಕ್ಕವರು ಕೋಣೆಯ ಆಚೆ ಆಡುತ್ತಿದ್ದರೆ ಅವರನ್ನೂ ಒಳಕ್ಕೆ ಕರೆದುಕೊಳ್ಳಿರಿ.

ಇಷ್ಟು ದೂರದ ಹೆಸರುಗಳನ್ನು ಹೇಳಿದ ಮೇಲೆ ಹತ್ತಿರದ್ದನ್ನು ಬಿಡಲಾಗದು. ನಮ್ಮ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆಯ ಮನೆಗಳಲ್ಲಿ ರೇಷ್ಮೆಯ ಕೆಲಸ ಯಾರದು? ಹಿಪ್ಪುನೇರಳೆಯ ಸೊಪ್ಪು ತರುವವಳು, ಕತ್ತರಿಸಿ ಹಾಕುವವಳು, ಹುಳುವು ಎಷ್ಟನೆಯ ಜ್ವರಕ್ಕೆ ಕೂತಿದೆಯೆಂದು ನೋಡಿದ ಮಾತ್ರಕ್ಕೆ ಹೇಳುವವಳು, ನಡುರಾತ್ರಿ ಎದ್ದು ದೀಪ ಹಿಡಿದು ತಟ್ಟೆಗಳನ್ನು ನೋಡುವವಳು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವವಳು ಬಹುಮಟ್ಟಿಗೆ ಮನೆಯ ಗೃಹಿಣಿ. ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಲ್ಲಿ ಬಿಸಿನೀರಿನ ಬಾಣಲೆಯ ಮುಂದೆ ಕೈ ಸುಟ್ಟುಕೊಂಡು ಎಳೆಯ ತುದಿಯನ್ನು ಹುಡುಕುವವರಲ್ಲಿಯೂ ಹೆಂಗಸರೇ ಬಹಳ. ಗೂಡು ಮಾರುಕಟ್ಟೆಗೆ ಹೋದ ಮೇಲೆ ಮಾತ್ರ ಹರಾಜಿನ ಚೀಟಿಯಲ್ಲಿ ಹೆಚ್ಚಾಗಿ ಗಂಡಸಿನ ಹೆಸರೇ ಇರುತ್ತದೆ. ಹಣವೂ ಆ ಹೆಸರಿಗೇ ಬರುತ್ತದೆ. ಆದುದರಿಂದ ಮಗುವು, “ನಮ್ಮಮ್ಮ ಏನು ಕೆಲಸ ಮಾಡುತ್ತಾಳೆ?” ಎಂಬ ಶಾಲೆಯ ಪ್ರಶ್ನೆಗೆ “ಏನೂ ಇಲ್ಲ, ಮನೆಯಲ್ಲಿದ್ದಾಳೆ” ಎಂದು ಬರೆದು ಬರುತ್ತದೆ. ಉತ್ತರಪತ್ರಿಕೆಗಳಲ್ಲಿ ಈ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೆಯೋ ಎಣಿಸಿಲ್ಲ. ಆ ಮನೆಗಳ ಹುಡುಗಿಯರಲ್ಲಿ ಬಾಯಿಲೆಕ್ಕದಲ್ಲಿ ತರಗತಿಗೇ ಮೊದಲಿಗರಾಗಿದ್ದು, ಹತ್ತನೆಯ ತರಗತಿಯ ಅನಂತರ ಹುಳುವಿನ ಮನೆಗೇ ನಿಂತುಹೋದವರು ಹಲವರು. ನಿಂತ ಮೇಲೂ ಲೆಕ್ಕವನ್ನು ಅವರ ಕೈಗೆ ಕೊಟ್ಟವರು ಕಡಮೆ.

ಹುಳು ಸಾಕುವ ಮನೆಯವರು ಮುಂದಿನ ಬೆಳೆಯಲ್ಲಿ ಒಂದು ಕೆಲಸ ಮಾಡಿ ನೋಡಬಹುದು. ಒಂದು ಎರಡಾಣೆಯ ನೋಟುಪುಸ್ತಕ ಎನ್ನುತ್ತಿದ್ದೆನು, ಈಗ ಅದು ಇಪ್ಪತ್ತು ರೂಪಾಯಿ ಆದೀತು. ಅದನ್ನು ತಂದು ಮಗಳ ಕೈಗೆ ಕೊಡಿರಿ. ಮೊಟ್ಟೆಗೆ ಎಷ್ಟು, ಸೊಪ್ಪಿಗೆ ಎಷ್ಟು, ಗೊಬ್ಬರಕ್ಕೆ ಎಷ್ಟು, ಆಳಿಗೆ ಎಷ್ಟು, ಅಮ್ಮನ ರಾತ್ರಿಗಳು ಎಷ್ಟು ಎಂದು ಅವಳೇ ಬರೆಯಲಿ. ಕಡೆಯ ಅಂಕಣಕ್ಕೆ ಹಣ ಕಟ್ಟುವುದು ಕಷ್ಟ, ಆದರೂ ಅಂಕಣವಿರಲಿ. ಹರಾಜಿನ ದಿನ ಅವಳನ್ನೂ ಜೊತೆಗೆ ಕರೆದೊಯ್ಯಿರಿ. ಹುಳುವಿಲ್ಲದ ಮನೆಯವರಿಗೆ ಹಾಲಿನ ಲೆಕ್ಕವುಂಟು, ಹೂವಿನ ಲೆಕ್ಕವುಂಟು.

ಈ ತಿಂಗಳು ಮಕ್ಕಳಿಗೆ ಬಿಡಿಸಲು ಒಂದು ಲೆಕ್ಕವನ್ನು ಕೆಳಗೆ ಕೊಟ್ಟಿದ್ದೇನೆ. ದರಗಳು ಲೆಕ್ಕಕ್ಕಾಗಿ ಹಾಕಿಕೊಂಡವು. ಪೇಟೆಯಲ್ಲಿ ಅವು ದಿನದಿನಕ್ಕೆ ಬದಲಾಗುತ್ತವೆಂಬುದು ನಮ್ಮ ಕಡೆಯ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಒಬ್ಬ ಗೃಹಿಣಿಯು ಕಿಲೋ ಒಂದಕ್ಕೆ 500 ರೂಪಾಯಿಯಂತೆ 40 ಕಿಲೋ ಗೂಡು ಕೊಂಡಳು. 8 ಕಿಲೋ ಗೂಡಿಗೆ 1 ಕಿಲೋ ನೂಲಿನಂತೆ ಬಿಚ್ಚಿಸಿದಳು. ಸೌದೆಗೂ ಕೂಲಿಗೂ ಸೇರಿ 2,500 ರೂಪಾಯಿ ಖರ್ಚಾಯಿತು. ನೂಲನ್ನು ಕಿಲೋ ಒಂದಕ್ಕೆ 4,800 ರೂಪಾಯಿಯಂತೆ ಮಾರಿದಳು. ಉಳಿಕೆಯ ತ್ಯಾಜ್ಯದಿಂದ 700 ರೂಪಾಯಿ ಬಂದಿತು. ಅವಳಿಗೆ ಲಾಭವೆಷ್ಟು? ಮಾರುವ ದಿನ ನೂಲಿನ ದರವು ಕಿಲೋಗೆ 500 ರೂಪಾಯಿ ಇಳಿದಿದ್ದರೆ ಏನಾಗುತ್ತಿತ್ತು? ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ಅವಳು ಮಾರಬಹುದಾದ ದರ ಯಾವುದು? ದರ ಇಳಿದ ದಿನ ಅವಳು ಮಾರಬೇಕೆ, ನೂಲನ್ನು ಇಟ್ಟುಕೊಂಡು ಕಾಯಬೇಕೆ? ಮೊದಲ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಕೊಡುವೆನು. ನಾಲ್ಕನೆಯದಕ್ಕೆ ಮಕ್ಕಳು ಕಾರಣಸಹಿತವಾಗಿ ಬರೆದು ಕಳುಹಿಸಲಿ; ಅಮ್ಮನನ್ನು ಕೇಳಿ ಬರೆದರೂ ಅಡ್ಡಿಯಿಲ್ಲ.